ಬೇಡದ ಕಡೆ ಬೆಳೆಯುವ ಮೂಳೆ

ಮಕ್ಕಳೇ, ನಮ್ಮ ಸಂಸೆ ಕಡೆ ಕಾಫಿ ಗಿಡದ ಕಸಿ ಮುಗಿದ ಮೇಲೆ ಕಂಬಚಿಗುರು ಏಳುತ್ತದೆ, ಎಳೆಯದಿರುವಾಗಲೇ ಮುರಿದುಹಾಕುತ್ತೇವೆ. ಸೊಂಟದ ಕೀಲು ಬದಲಿಸಿದ ಕೆಲವರಿಗೆ ಪಕ್ಕದ ಮಾಂಸಖಂಡದೊಳಗೇ ಮೂಳೆ ಚಿಗುರುತ್ತದೆ. ಹೆಚ್ಚಿನವರಿಗೆ ತೊಂದರೆಯಿಲ್ಲ. ಆದರೆ ದಪ್ಪವಾಗಿ ಬೆಳೆದರೆ ಅಜ್ಜನ ಕಾಲು ಮಡಚದು, ತೆಗೆಯಲು ಮತ್ತೆ ಆಪರೇಷನ್ನೇ ಬೇಕು.

ಹಿಂದೊಮ್ಮೆ ಹೀಗಾದವರು, ಬೆನ್ನೆಲುಬು ಬಿಗಿಯುವ ಸಂಧಿವಾತದವರು ವೈದ್ಯರಿಗೆ ಮೊದಲೇ ಹೇಳಬೇಕು. ತಡೆಯಲು ಕೆಲವು ವಾರ ಇಂಡೋಮೆಥಾಸಿನ್‌ನಂಥ ಮಾತ್ರೆ ಕೊಡುತ್ತಾರೆ. ಇಲ್ಲವೇ ಆಪರೇಷನ್ನಿಗೆ ಮುಂಚಿನ 24 ಗಂಟೆ ಅಥವಾ ನಂತರದ 72 ಗಂಟೆಯೊಳಗೆ ಒಮ್ಮೆ ವಿಕಿರಣ ಕೊಡುತ್ತಾರೆ.

ಈ ಮಾತ್ರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರಿಗೆ ಆಗಿಬರದು. ಅಂಗಡಿಯಲ್ಲಿ ಕೇಳಿ ತರುವಂಥದ್ದಲ್ಲ. ವೈದ್ಯರು ಬರೆದುಕೊಟ್ಟರೆ ಬ್ಯಾಂಕಿನ ಕಂತಿನಂತೆ ತಪ್ಪಿಸಬಾರದು. ಕ್ಯಾಲೆಂಡರಿನಲ್ಲಿ ದಿನಾ ಗುರುತು ಹಾಕುವ ಗುಮಾಸ್ತಿಕೆ ಮೊಮ್ಮಕ್ಕಳದ್ದು!