ಯಂತ್ರವು ಓದುವ ಅರ್ಜಿ

ಇಂದು ಹೆಸರುವಾಸಿಯಾದ ಕಂಪನಿಯೊಂದು ಒಂದು ಹುದ್ದೆಗೆ ಅರ್ಜಿಗಳನ್ನು ಆಹ್ವಾನಿಸಿತೆಂದರೆ ನೂರಾರು, ಒಮ್ಮೊಮ್ಮೆ ಸಾವಿರಾರು ಅರ್ಜಿಗಳು ಬಂದು ರಾಶಿಯಾಗುತ್ತವೆ. ಅವೆಲ್ಲವನ್ನೂ ಆದ್ಯಂತವಾಗಿ ಓದುವಷ್ಟು ವ್ಯವಧಾನ ಯಾವ ಅಧಿಕಾರಿಗೂ ಇಲ್ಲ. ಆದುದರಿಂದ ಆ ಕೆಲಸದ ಮೊದಲ ಭಾಗವನ್ನು ಗಣಕಯಂತ್ರಕ್ಕೆ ಒಪ್ಪಿಸಲಾಗಿದೆ. ನಮ್ಮ ಶಾಲಾ ಕಾಲೇಜುಗಳಿಂದ ಹೊರಬೀಳುವ ತರುಣ ತರುಣಿಯರಲ್ಲಿ ಅನೇಕರು ಈ ಸಂಗತಿಯನ್ನು ಅರಿಯದೆ, ತಮ್ಮ ಬಯೋಡೇಟಾವನ್ನು ಯಾರೋ ಸಹೃದಯ ಹಿರಿಯರೊಬ್ಬರು ಕನ್ನಡಕ ಸರಿಪಡಿಸಿಕೊಂಡು ಓದುವರೆಂಬ ನಂಬಿಕೆಯಿಂದ ಬರೆದು ಕಳುಹಿಸುತ್ತಾರೆ. ಉತ್ತರ ಬಾರದಿದ್ದಾಗ ತಮ್ಮ ಯೋಗ್ಯತೆಯಲ್ಲಿಯೇ ಕೊರತೆಯಿದೆಯೆಂದು ಕುಗ್ಗುತ್ತಾರೆ. ಹೀಗೆ ಕುಗ್ಗಲು ಎಲ್ಲ ಸಂದರ್ಭಗಳಲ್ಲಿಯೂ ಕಾರಣವಿಲ್ಲವೆಂಬುದು ನನ್ನ ಅಭಿಪ್ರಾಯ.

ಯಂತ್ರವು ಮಾಡುವ ಕೆಲಸವಾದರೂ ಏನು? ಅದು ಅರ್ಜಿಯಲ್ಲಿನ ಅಕ್ಷರಗಳನ್ನು ಬಿಡಿಸಿಕೊಂಡು ಹೆಸರು, ವಿದ್ಯಾರ್ಹತೆ, ಅನುಭವ, ಕೌಶಲ ಎಂಬ ಬೇರೆ ಬೇರೆ ಅಂಕಣಗಳಲ್ಲಿ ತುಂಬಿಡುತ್ತದೆ. ಬಳಿಕ ನೇಮಕಾತಿಯ ಅಧಿಕಾರಿಯು ತನಗೆ ಬೇಕಾದ ಮುಖ್ಯ ಪದಗಳನ್ನು, ಅಂದರೆ ಕೀವರ್ಡುಗಳನ್ನು, ಕೊಟ್ಟು ಹುಡುಕುತ್ತಾನೆ. ಈ ಪದವೂ ಇರಬೇಕು, ಆ ಪದವೂ ಇರಬೇಕು, ಇಷ್ಟು ವರ್ಷಗಳ ಅನುಭವವಿರಬೇಕು ಎಂದು ಆಜ್ಞಾಪಿಸಿದರೆ, ಅವು ಕೂಡಿಬಂದ ಅರ್ಜಿಗಳು ಮೇಲಕ್ಕೆ ಬರುತ್ತವೆ. ಉಳಿದವು ಕೆಳಗೆ ಬಿದ್ದಿರುತ್ತವೆ. 1997ರಲ್ಲಿ ಆರಂಭವಾದ ನಮ್ಮ ದೇಶದ ನೌಕರಿ ಡಾಟ್ ಕಾಮ್‌ನಲ್ಲಿ ಅಭ್ಯರ್ಥಿಯು ತನ್ನ ಮುಖ್ಯ ಕೌಶಲಗಳನ್ನು ಪ್ರತ್ಯೇಕವಾಗಿ ನಮೂದಿಸಬೇಕಾಗಿರುವುದು ಇಂಥ ಹುಡುಕಾಟದ ಸಲುವಾಗಿಯೇ. ಇತ್ತೀಚಿನ ಕೆಲವು ವ್ಯವಸ್ಥೆಗಳು ಅರ್ಥಸಾಮ್ಯವನ್ನೂ ಗ್ರಹಿಸಬಲ್ಲವು. ಆದರೆ ಎಲ್ಲ ಕಂಪನಿಗಳಲ್ಲಿಯೂ ಅಂಥವೇ ಇರುವುವೆಂದು ನಂಬಿ ಕೂಡುವಂತಿಲ್ಲ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಬಿ.ಕಾಂ. ಮುಗಿಸಿದ ಹೆಣ್ಣುಮಗಳೊಬ್ಬಳು ತನ್ನ ತಾಲ್ಲೂಕು ಕೇಂದ್ರದ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಎರಡು ವರ್ಷ ದುಡಿದಿದ್ದಾಳೆ. ಅಂಗಡಿಕಾರರ ಬಿಲ್ಲುಗಳನ್ನು ಟ್ಯಾಲಿಯಲ್ಲಿ ಏರಿಸುವುದು, ತಿಂಗಳು ತಿಂಗಳು ಜಿ.ಎಸ್.ಟಿ. ರಿಟರ್ನ್ ಸಲ್ಲಿಸುವುದು, ಬ್ಯಾಂಕಿನ ಲೆಕ್ಕದೊಡನೆ ಅಂಗಡಿಯ ಲೆಕ್ಕವನ್ನು ತಾಳೆ ನೋಡುವುದು ಇವೆಲ್ಲ ಅವಳಿಗೆ ಕರತಲಾಮಲಕ. ಆದರೆ ಬಯೋಡೇಟಾದಲ್ಲಿ ಅವಳು ಬರೆಯುವುದೇನು? ಕಂಪ್ಯೂಟರ್ ಜ್ಞಾನವಿದೆ, ಅಕೌಂಟ್ಸ್ ಕೆಲಸದಲ್ಲಿ ಅನುಭವವಿದೆ, ಕಷ್ಟಪಟ್ಟು ದುಡಿಯುವ ಸ್ವಭಾವ. ಬೆಂಗಳೂರಿನ ಕಂಪನಿಯ ಅಧಿಕಾರಿಯಾದರೋ ಟ್ಯಾಲಿ ಪ್ರೈಮ್, ಜಿ.ಎಸ್.ಟಿ. ರಿಟರ್ನ್, ಬ್ಯಾಂಕ್ ರಿಕನ್ಸಿಲಿಯೇಷನ್ ಎಂಬ ಮೂರು ಪದಗಳನ್ನು ಕೊಟ್ಟು ಹುಡುಕುತ್ತಿದ್ದಾನೆ. ಮೂರೂ ಕೆಲಸಗಳನ್ನು ಬಲ್ಲ ಈ ಹೆಣ್ಣುಮಗಳು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಆರು ವಾರಗಳ ತರಬೇತಿ ಪಡೆದು ಈ ಮೂರು ಪದಗಳನ್ನು ಚೊಕ್ಕಟವಾಗಿ ಬರೆದ ನಗರದ ಹುಡುಗನು ಸಂದರ್ಶನಕ್ಕೆ ಕರೆ ಪಡೆಯುತ್ತಾನೆ. ಇದರಲ್ಲಿ ಅವನ ಅಪರಾಧವೇನೂ ಇಲ್ಲ. ಆದರೆ ನಷ್ಟ ಅವಳಿಗೂ ಆಯಿತು, ಕಂಪನಿಗೂ ಆಯಿತು.

ಟ್ಯಾಲಿಯ ಹೆಸರನ್ನೇ ನೋಡಿರಿ. ಬೆಂಗಳೂರಿನ ಸಂಸ್ಥೆಯೇ ತಯಾರಿಸುವ ಈ ತಂತ್ರಾಂಶವು ಬಹುಕಾಲ ಟ್ಯಾಲಿ ಇ.ಆರ್.ಪಿ. 9 ಎಂದು ಪ್ರಸಿದ್ಧವಾಗಿದ್ದು, 2020ರಲ್ಲಿ ಟ್ಯಾಲಿ ಪ್ರೈಮ್ ಎಂಬ ಹೆಸರಿನಲ್ಲಿ ಬಂದಿತು. ಎರಡನ್ನೂ ಬಳಸಿದವರು ಎರಡು ಹೆಸರುಗಳನ್ನೂ ಬರೆಯುವುದು ಲೇಸು. ವಿ.ಟಿ.ಯು. ಎಂದು ಬರೆದವರು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೆಂದು ಪೂರ್ಣವಾಗಿಯೂ ಒಮ್ಮೆ ಬರೆಯಲಿ. ಮನುಷ್ಯನಿಗೆ ಎರಡೂ ಒಂದೇ. ಯಂತ್ರಕ್ಕೆ ಹಾಗೆಂದು ಯಾರಾದರೂ ಕಲಿಸಿಕೊಟ್ಟಿರಬೇಕು.

ಇಷ್ಟು ಹೇಳಿದರೆ ಸಾಕು, ಹಿರಿಯರಲ್ಲಿ ಕೆಲವರು ಮುಖ ಸಿಂಡರಿಸುತ್ತಾರೆ. ಯೋಗ್ಯತೆಯಿದ್ದರೆ ಪದಗಳ ಹಂಗೇಕೆ, ಇದು ವಂಚನೆಯ ಮೊದಲ ಮೆಟ್ಟಲಲ್ಲವೇ ಎಂಬುದು ಅವರ ಪ್ರಶ್ನೆ. ನಾನು ಇದನ್ನು ಒಪ್ಪಲಾರೆ. ಓದುವವನಿಗೆ ಬೇಕಾದುದನ್ನು ಮುಂದಿಟ್ಟು ಬರೆಯುವುದು ಬಲು ಹಳೆಯ ರೂಢಿ. ಸುಮಾರು 1482ರಲ್ಲಿ ಲಿಯೊನಾರ್ಡೊ ಡ ವಿಂಚಿಯು ಮಿಲಾನಿನ ಒಡೆಯನಾದ ಲುಡೊವಿಕೊ ಸ್ಫೋರ್ಜಾನಿಗೆ ಉದ್ಯೋಗ ಬೇಡಿ ಸಿದ್ಧಪಡಿಸಿದ ಪತ್ರದ ಕರಡು ಇಂದಿಗೂ ಉಳಿದಿದೆ. ಯುದ್ಧದ ಚಿಂತೆಯಲ್ಲಿದ್ದ ಆ ಒಡೆಯನಿಗೆ ಲಿಯೊನಾರ್ಡೊ ಮೊದಲು ನಿವೇದಿಸಿದ್ದು ಹಗುರವಾದ ಸೇತುವೆಗಳು, ಮುತ್ತಿಗೆಯ ಸಾಧನಗಳು, ಫಿರಂಗಿಗಳನ್ನು; ಚಿತ್ರಕಲೆಯ ಮಾತು ಬರುವುದು ಕಟ್ಟಕಡೆಗೆ. (ಆ ಪತ್ರದಲ್ಲಿ ಮಾತು ಕೊಟ್ಟುದನ್ನೆಲ್ಲ ಅವನು ಆ ವೇಳೆಗೆ ಕಟ್ಟಿ ತೋರಿಸಿದ್ದನೇ ಎಂಬುದು ಬೇರೆ ವಿಷಯ.) ನಮ್ಮ ಉದ್ಯೋಗ ವಿನಿಮಯ ಕೇಂದ್ರಗಳಲ್ಲಿಯೂ ಹೆಸರು ನೋಂದಾಯಿಸಿದವರ ಕಾರ್ಡುಗಳನ್ನು ವೃತ್ತಿಯ ಸಂಕೇತ ಸಂಖ್ಯೆಯ ಪ್ರಕಾರವಾಗಿಯೇ ಜೋಡಿಸಿಡುತ್ತಿದ್ದರು. ಸರಿಯಾದ ಸಂಖ್ಯೆ ಬೀಳದವನಿಗೆ ಅಂದೂ ಕರೆ ಬರುತ್ತಿರಲಿಲ್ಲ.

ವಂಚನೆ ಇರುವುದು ಬೇರೆ ಕಡೆ. ಬಿಳಿಯ ಹಾಳೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಕಣ್ಣಿಗೆ ಕಾಣದಂತೆ ಹತ್ತಾರು ಪದಗಳನ್ನು ತುರುಕುವ ಉಪಾಯವೊಂದು ಪ್ರಚಾರದಲ್ಲಿದೆ. ಯಂತ್ರವು ಅಕ್ಷರಗಳನ್ನು ಬಿಡಿಸಿ ಸಾದಾ ಬರಹವಾಗಿ ಅಧಿಕಾರಿಯ ಮುಂದಿಟ್ಟಾಗ ಅಡಗಿಸಿದುದೆಲ್ಲ ಬಯಲಾಗುತ್ತದೆ. ಆಗ ಬರುವ ಅಪಕೀರ್ತಿಯನ್ನು ಯಾವ ಪದವೂ ತೊಳೆಯಲಾರದು. ತಾನು ಎಂದೂ ಮುಟ್ಟದ ತಂತ್ರಾಂಶದ ಹೆಸರನ್ನು ಬರೆಯುವುದೂ ಇದೇ ಜಾತಿಯ ಕೆಲಸ. ಇನ್ನು 100ಕ್ಕೆ 75 ಅರ್ಜಿಗಳನ್ನು ಯಂತ್ರವೇ ಹರಿದೆಸೆಯುತ್ತದೆಂದು ಹೆದರಿಸಿ, ಬಯೋಡೇಟಾ ತಿದ್ದಿಕೊಡುವುದಾಗಿ ಹಣ ಕೀಳುವವರು ಊರೂರಿಗೂ ಹಬ್ಬಿದ್ದಾರೆ. ಆ ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ಅದರ ಬೆನ್ನಿಗೆ ನಂಬತಕ್ಕ ಅಧ್ಯಯನವನ್ನು ತೋರಿಸುವವರಿಲ್ಲ. ಯಂತ್ರವು ತಾನಾಗಿಯೇ ತಿರಸ್ಕರಿಸುವುದು ಬಹುಮಟ್ಟಿಗೆ ಮನುಷ್ಯರು ಮೊದಲೇ ಗೊತ್ತುಮಾಡಿಟ್ಟ ಷರತ್ತುಗಳ ಮೇಲೆ: ಈ ಪದವಿ ಇದೆಯೇ, ಇಂಥ ಪರವಾನಗಿ ಇದೆಯೇ ಎಂಬ ಪ್ರಶ್ನೆಗಳಿಗೆ ಅಭ್ಯರ್ಥಿ ಕೊಟ್ಟ ಉತ್ತರದ ಮೇಲೆ.

ಆದಕಾರಣ ಹೊಣೆಯ ಬಹುಪಾಲು ಆ ಷರತ್ತುಗಳನ್ನು ಬರೆಯುವವರದು. 2021ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ ಸಂಸ್ಥೆಗಳು ಕೂಡಿ ಪ್ರಕಟಿಸಿದ ವರದಿಯಲ್ಲಿ, ಉನ್ನತ ಕೌಶಲವುಳ್ಳ ಯೋಗ್ಯ ಅಭ್ಯರ್ಥಿಗಳು ಷರತ್ತುಗಳಿಗೆ ಚಾಚೂ ತಪ್ಪದೆ ಹೊಂದಲಿಲ್ಲವೆಂಬ ಕಾರಣದಿಂದಲೇ ಹೊರಗುಳಿಯುತ್ತಾರೆಂದು 100ಕ್ಕೆ 88 ಮಂದಿ ಉದ್ಯೋಗದಾತರು ತಾವಾಗಿಯೇ ಒಪ್ಪಿಕೊಂಡಿದ್ದಾರೆ. ಅಮೆರಿಕದ ಕೆಲವು ಆಸ್ಪತ್ರೆಗಳು ದಾದಿಯರ ಅರ್ಜಿಗಳಲ್ಲಿ ಕಂಪ್ಯೂಟರ್ ಪ್ರೋಗ್ರಾಮಿಂಗ್ ಎಂಬ ಪದವನ್ನು ಹುಡುಕುತ್ತಿದ್ದ ಸಂಗತಿ ಆಗ ಬೆಳಕಿಗೆ ಬಂದಿತು. ಅವರಿಗೆ ವಾಸ್ತವವಾಗಿ ಬೇಕಾಗಿದ್ದುದು ರೋಗಿಯ ವಿವರಗಳನ್ನು ಗಣಕಯಂತ್ರದಲ್ಲಿ ತುಂಬಬಲ್ಲ ದಾದಿಯರು! ಉದ್ಯೋಗದಲ್ಲಿ ಆರು ತಿಂಗಳಿಗೂ ಮಿಕ್ಕ ಬಿಡುವು ಕಂಡರೆ ಅರ್ಜಿಯನ್ನು ಬದಿಗಿಡುವ ಕಂಪನಿಗಳೂ ಇವೆ. ಹೆರಿಗೆಗೆಂದೋ ಹಾಸಿಗೆ ಹಿಡಿದ ಅತ್ತೆಯ ಆರೈಕೆಗೆಂದೋ ಕೆಲಸ ಬಿಟ್ಟವಳು ಯಾವ ಮುಖ್ಯ ಪದವನ್ನು ಬರೆದು ಆ ಬಿಡುವನ್ನು ತುಂಬಬೇಕು?

ಅಮೆಜಾನ್ ಕಂಪನಿಯು 2014ರಿಂದ ರೂಪಿಸತೊಡಗಿದ್ದ ಯಂತ್ರವೊಂದರ ಕಥೆ ಇನ್ನೂ ವಿಷಾದಕರ. ಹಿಂದಿನ ಹತ್ತು ವರ್ಷಗಳ ಅರ್ಜಿಗಳನ್ನು ನೋಡಿ ಕಲಿಯಲು ಅದನ್ನು ಬಿಟ್ಟರು. ಅವುಗಳಲ್ಲಿ ಹೆಚ್ಚಿನವು ಗಂಡಸರವಾದ್ದರಿಂದ, ಮಹಿಳೆಯರ ಎಂಬ ಪದ ಕಂಡ ಅರ್ಜಿಗಳಿಗೆ ಯಂತ್ರವು ಅಂಕ ಕಳೆಯತೊಡಗಿತು. ಮಹಿಳೆಯರ ಚದುರಂಗ ಸಂಘದ ನಾಯಕಿಯಾಗಿದ್ದುದೂ ಕುಂದಾಯಿತು. ಕಂಪನಿಯವರು ಅದನ್ನು ಕೈಬಿಟ್ಟರೆಂದು ರಾಯಿಟರ್ಸ್ ಸುದ್ದಿಸಂಸ್ಥೆಯು 2018ರ ಅಕ್ಟೋಬರಿನಲ್ಲಿ ವರದಿ ಮಾಡಿತು. ಇಂಥ ಕಡೆ ಅಭ್ಯರ್ಥಿಯ ಜಾಣತನ ನಡೆಯದು, ಕಾನೂನೇ ಬೇಕು. ನ್ಯೂಯಾರ್ಕ್ ನಗರವು 2021ರಲ್ಲಿ ಅಂಗೀಕರಿಸಿ 2023ರ ಜುಲೈನಿಂದ ಜಾರಿಗೊಳಿಸಿದ ಕಾನೂನಿನ ಪ್ರಕಾರ ಇಂಥ ಯಂತ್ರಗಳಲ್ಲಿ ಪಕ್ಷಪಾತವಿದೆಯೇ ಎಂದು ತಪಾಸಣೆ ಮಾಡಿಸಬೇಕು. ಯುರೋಪಿನ ಒಕ್ಕೂಟವು 2024ರ ತನ್ನ ಕಾಯಿದೆಯಲ್ಲಿ ನೇಮಕಾತಿಯ ಯಂತ್ರಬುದ್ಧಿಯನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿದೆ. ಸಾವಿರಾರು ಕಂಪನಿಗಳ ನೇಮಕಾತಿ ನಡೆಯುವ ಬೆಂಗಳೂರನ್ನು ರಾಜಧಾನಿಯಾಗಿ ಉಳ್ಳ ನಮ್ಮ ರಾಜ್ಯದಲ್ಲಿ ಈ ವಿಚಾರವು ಶಾಸನಸಭೆಯ ಚರ್ಚೆಗೆ ಬರುವುದು ಯುಕ್ತವಲ್ಲವೇ?

ಕಾನೂನು ಬರುವವರೆಗೆ ನಮ್ಮ ಮಕ್ಕಳು ಕಾಯುವಂತಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಐ.ಟಿ.ಐ. ಸೇರಿದ ಹುಡುಗನಿಗೆ ಲೇತಿನ ಮುಂದೆ ನಿಂತರೆ ಕೈ ತಾನಾಗಿ ಓಡುತ್ತದೆ. ಆ ಕೆಲಸಕ್ಕೆ ಜಾಹೀರಾತಿನವರು ಸಿ.ಎನ್.ಸಿ. ಟರ್ನಿಂಗ್ ಎನ್ನುತ್ತಾರೋ ಮತ್ತೇನೆನ್ನುತ್ತಾರೋ ಎಂಬುದು ಮಾತ್ರ ಅವನಿಗೆ ತಿಳಿದಿರುವುದಿಲ್ಲ. ಕಡೆಯ ವರ್ಷದ ತರಗತಿಗಳಲ್ಲಿ ನಾಲ್ಕಾರು ಪೀರಿಯಡ್ಡುಗಳನ್ನು ಇದಕ್ಕಾಗಿ ಮೀಸಲಿಟ್ಟರೆ ಪಠ್ಯಕ್ರಮವೇನೂ ಕೆಡದು. ಉಪಾಧ್ಯಾಯರು ನಿಜವಾದ ಜಾಹೀರಾತೊಂದನ್ನು ಮುಂದಿಟ್ಟು, ವಿದ್ಯಾರ್ಥಿಯು ತಾನು ಕೈಯಾರೆ ಮಾಡಿದ ಕೆಲಸಗಳನ್ನು ಮೊದಲು ಕನ್ನಡದಲ್ಲಿಯೇ ಬರೆಯುವಂತೆ ಮಾಡಿ, ಆಮೇಲೆ ಒಂದೊಂದಕ್ಕೂ ಆ ವೃತ್ತಿಯವರು ಬಳಸುವ ಹೆಸರನ್ನು ಹುಡುಕಿಸಲಿ. ಬಣ್ಣ, ಚಿತ್ರ, ಎರಡು ಮೂರು ಅಂಕಣಗಳ ಅಲಂಕಾರವನ್ನು ಬಿಟ್ಟು ಸಾದಾ ಹಾಳೆಯಲ್ಲಿ ಬರೆಯಿಸಲಿ. ಅಲಂಕಾರ ಹೆಚ್ಚಿದಷ್ಟೂ ಯಂತ್ರವು ತಡವರಿಸುತ್ತದೆ. ಕಳುಹಿಸುವ ಮುನ್ನ ಆ ಹಾಳೆಯನ್ನು ಅದೇ ವೃತ್ತಿಯಲ್ಲಿರುವ ಊರಿನ ಹಿರಿಯರೊಬ್ಬರಿಗೆ ಓದಲು ಕೊಡಲಿ. ಅವರು ಬೆರಳಿಟ್ಟು ಕೇಳಿದ ಪದದ ಬಗ್ಗೆ ಐದು ನಿಮಿಷ ಮಾತನಾಡಲು ಹುಡುಗನಿಗೆ ಬಾರದಿದ್ದರೆ, ಅದನ್ನು ಅಲ್ಲಿಯೇ ಹೊಡೆದುಹಾಕಲಿ.