ಇದ್ದರೆ ಸಾಲದು, ದೊರೆಯಬೇಕು

ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಯ ಓಲೆಗರಿಗಳಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಗುರುತಿಸುವವರಿಲ್ಲದಿದ್ದರೆ ಆ ಗ್ರಂಥ ಇದ್ದೂ ಇಲ್ಲದಂತೆಯೇ.

ಇಂದಿನ ಅಂತರಜಾಲದ ಪುಟಗಳಿಗೂ ಈ ಮಾತು ಸಲ್ಲುತ್ತದೆ. ವಚನಗಳನ್ನು ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿಯೇ ಬಿಟ್ಟರೆ, ಗೂಗಲ್‌ನಂಥ ಶೋಧಯಂತ್ರಕ್ಕೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುತ್ತವೆ. 1991ರಿಂದಲೂ ಕನ್ನಡಕ್ಕೆ ಸ್ಥಾನವಿರುವ ಯುನಿಕೋಡಿನಲ್ಲಿ ಬರಹವಿರಲಿ. ಪ್ರತಿ ಪುಟಕ್ಕೂ ವಿಷಯವನ್ನು ತಿಳಿಸುವ ಶೀರ್ಷಿಕೆ, ಪ್ರತಿ ಚಿತ್ರಕ್ಕೂ ವಿವರಣೆ ಇರಲಿ. ಒಂದೇ ಪದವನ್ನು ಹತ್ತಾರು ಬಾರಿ ತುರುಕುವುದು ಬೇಡ. ಓದುಗನಿಗೆ ಬೇಸರ, ಯಂತ್ರವೂ ಮರುಳಾಗದು.

ಜಾತ್ರೆಯ ದಿನವನ್ನು ಅರಸಿ ಬಂದವರಿಗೆ ಅದು ಮೊದಲ ಸಾಲಿನಲ್ಲಿಯೇ ದೊರೆಯಲಿ. ಅರಸಿದರೂ ಸಿಗದ ನುಡಿ ನಮ್ಮ ಮಕ್ಕಳ ಪಾಲಿಗೆ ಅಳಿದ ನುಡಿಯೇ ಸರಿ.