ಬಾಲನೆರೆಗೆ ಬೋರ್‌ವೆಲ್ ನೀರು ಕಾರಣವೇ?

ಕಾಲೇಜಿಗೆ ಹೋಗುವ ಮಗನ ಅಥವಾ ಮಗಳ ತಲೆಯಲ್ಲಿ ಬಿಳಿ ಕೂದಲು ಕಂಡಿತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಮನೆಗಳಲ್ಲಿ ಮೊದಲು ಬೈಸಿಕೊಳ್ಳುವುದು ಬೋರ್‌ವೆಲ್ ನೀರು. ಎರಡನೆಯ ಸರದಿ ಶಾಂಪೂವಿನದು. ಅಪ್ಪನಿಗೆ ರಾತ್ರಿ ನಿದ್ದೆಗೆಟ್ಟು ಮೊಬೈಲು ನೋಡಿದ್ದೇ ಕಾರಣವಾದರೆ, ಅಮ್ಮನಿಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳದ್ದು ಕಾರಣ. ಅಜ್ಜಿಯದು ಒಂದೇ ಮಾತು: 'ಮೈಯಲ್ಲಿ ಉಷ್ಣ ಜಾಸ್ತಿ.' ಇಷ್ಟೆಲ್ಲ ಪಂಚಾಯಿತಿ ನಡೆಯುವಾಗ ಹುಡುಗನ ಚಿಂತೆಯೇ ಬೇರೆ. ತರಗತಿಯಲ್ಲಿ ಆಗಲೇ ಅವನಿಗೆ 'ಅಂಕಲ್' ಎಂಬ ಹೆಸರು ಬಿದ್ದಿರುತ್ತದೆ.

ನೀರನ್ನು ದೂರುವುದಕ್ಕೆ ಕಾರಣವಿಲ್ಲದೆ ಇಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೂಲಕ ಸಾಗುವ ಅರ್ಕಾವತಿಯೂ ಮಳೆಯನ್ನೇ ನೆಚ್ಚಿಕೊಂಡದ್ದು. ಹಾಗಾಗಿ ಬಹುಪಾಲು ಮನೆಗಳಿಗೆ ಆಳದಿಂದ ಎತ್ತಿದ ಗಡಸು ನೀರೇ ಗತಿ. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳಿಂದ ಸೋಪು ನೊರೆ ಬರುವುದಿಲ್ಲ, ಕೂದಲು ಒರಟಾಗುತ್ತದೆ, ಬಾಚಣಿಗೆಗೆ ಸಿಕ್ಕಿ ತುಂಡಾಗುತ್ತದೆ. ಆದರೆ ಆ ನೀರು ಕೂದಲನ್ನು ಬೆಳ್ಳಗೆ ಮಾಡಲಾರದು. ಏಕೆಂದರೆ ನೀರು ಮುಟ್ಟುವ ಜಾಗವೇ ಬೇರೆ, ಬಣ್ಣ ತಯಾರಾಗುವ ಜಾಗವೇ ಬೇರೆ.

ಇದು ಮಗ್ಗದ ಊರಿನವರಿಗೆ ಸುಲಭವಾಗಿ ಅರ್ಥವಾಗುವ ಸಂಗತಿ. ರೇಷ್ಮೆ ನೂಲನ್ನು ಕುದಿಸಿ, ಅಂಟು ತೆಗೆದು, ಬಣ್ಣ ಹಾಕಿದ ಮೇಲೆಯೇ ಅದು ಮಗ್ಗಕ್ಕೆ ಏರುತ್ತದೆ. ಹೊರಗೆ ಬರುವ ಸೀರೆಯ ಬಣ್ಣವನ್ನು ಒಳಗೆ ಹೋದ ನೂಲು ಮೊದಲೇ ತೀರ್ಮಾನಿಸಿರುತ್ತದೆ. ಕೂದಲಿನದೂ ಇದೇ ಕಥೆ. ನಮ್ಮ ಕಣ್ಣಿಗೆ ಕಾಣುವ ಕೂದಲು ಕೆರಟಿನ್ ಎಂಬ ಪ್ರೋಟೀನಿನ ನಿರ್ಜೀವ ಎಳೆ. ಜೀವವಿರುವುದು ಚರ್ಮದ ಕೆಳಗಿನ ಬುಡದಲ್ಲಿ. ಅಲ್ಲಿ ಮೆಲನೊಸೈಟ್ ಎಂಬ ಜೀವಕೋಶಗಳು ಟೈರೊಸಿನ್ ಎಂಬ ಅಮೈನೊ ಆಮ್ಲದಿಂದ ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸಿ, ಎಳೆ ಮೂಡುತ್ತಿರುವಾಗಲೇ ಅದರೊಳಕ್ಕೆ ತುಂಬುತ್ತವೆ. ಈ ಕೆಲಸಕ್ಕೆ ಬೇಕಾದ ಕಿಣ್ವಕ್ಕೆ ತಾಮ್ರದ ಅಂಶ ಅಗತ್ಯ. ಬಣ್ಣ ಸಿಗದೆ ಹೊರಬಂದ ಎಳೆ ಬಿಳಿ ಕೂದಲು. ಹೊರಗಿನಿಂದ ಎಷ್ಟೇ ಎಣ್ಣೆ ತಿಕ್ಕಿದರೂ ಅದು ಬಿಳಿಯೇ.

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ. ಒಂದೊಂದೂ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ 2ರಿಂದ 6 ವರ್ಷ ಬೆಳೆದು, ಕೆಲವು ತಿಂಗಳು ಸುಮ್ಮನಿದ್ದು, ಉದುರಿಹೋಗುತ್ತದೆ. ಅದೇ ಕುಳಿಯಲ್ಲಿ ಹೊಸದು ಹುಟ್ಟುವಾಗ ಬಣ್ಣದ ಕೋಶಗಳೂ ಹೊಸದಾಗಿ ಬರಬೇಕು. ಅವುಗಳನ್ನು ಒದಗಿಸುವುದು ಕೂದಲ ಕುಳಿಯ ಮೇಲ್ಭಾಗದಲ್ಲಿ ಕಾದಿರುವ ಆಕರ ಕೋಶಗಳು. ಈ ದಾಸ್ತಾನು ಕರಗುತ್ತ ಬಂದಂತೆ ಕೂದಲು ನೆರೆಯುತ್ತದೆ ಎಂದು ಅಮೆರಿಕದ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಕೆಲವು ಕೋಶಗಳು ಇದ್ದಲ್ಲೇ ಸಿಕ್ಕಿಕೊಂಡು ಕೆಲಸದ ಜಾಗಕ್ಕೆ ಇಳಿಯುವುದೇ ಇಲ್ಲ ಎಂಬುದು ಇಲಿಗಳ ಮೇಲೆ ನಡೆದ ಪ್ರಯೋಗದಿಂದ 2023ರಲ್ಲಿ ತಿಳಿದುಬಂತು.

ಯಾವಾಗ ಶುರು? ನಮ್ಮಂಥ ಏಷ್ಯಾದವರಲ್ಲಿ ಸಾಮಾನ್ಯವಾಗಿ ಮೂವತ್ತರ ಕೊನೆಯ ವರ್ಷಗಳಲ್ಲಿ, ಐರೋಪ್ಯರಲ್ಲಿ ಕೊಂಚ ಮುಂಚೆ, ಆಫ್ರಿಕದವರಲ್ಲಿ ನಲವತ್ತು ದಾಟಿದ ಮೇಲೆ. ಗಂಡಸರಲ್ಲಿ ಬಹುಮಟ್ಟಿಗೆ ಕಪೋಲದ ಪಕ್ಕದಿಂದಲೇ ಆರಂಭ. ಹನ್ನೆರಡನೆಯ ಶತಮಾನದ ಬಸವಣ್ಣನವರು ಮುಪ್ಪಿನ ಗುರುತುಗಳನ್ನು ಎಣಿಸುವ ಹೆಸರಾಂತ ವಚನದಲ್ಲಿ ಮೊದಲು ಹೇಳುವುದೂ ಕೆನ್ನೆಗೆ ಬಂದ ನೆರೆಯನ್ನೇ. ಐವತ್ತಾಗುವಷ್ಟರಲ್ಲಿ ಅರ್ಧ ಜನಕ್ಕೆ ಅರ್ಧ ತಲೆ ಬೆಳ್ಳಗಾಗುತ್ತದೆ ಎಂಬ ಹಳೆಯ ಲೆಕ್ಕವೊಂದಿತ್ತು. ಹಲವು ದೇಶಗಳ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದು ಸುಳ್ಳಾಯಿತು. ಅಂಥವರು ಶೇಕಡ 6ರಿಂದ 23 ಮಾತ್ರ.

ನಮ್ಮವರಲ್ಲಿ 25 ವರ್ಷಕ್ಕೆ ಮೊದಲೇ ನೆರೆತರೆ ವೈದ್ಯರು ಅದನ್ನು ಬಾಲನೆರೆ ಎನ್ನುತ್ತಾರೆ. ಇದರಲ್ಲಿ ದೊಡ್ಡ ಪಾಲು ವಂಶದ್ದು. ಮಗನನ್ನು ಬೈಯುವ ಅಪ್ಪ ತನ್ನ ಮದುವೆಯ ಫೋಟೊ ತೆಗೆದು ನೋಡುವುದು ಒಳ್ಳೆಯದು. ಸೋದರಮಾವನ ತಲೆಯನ್ನೂ ನೆನೆಸಿಕೊಳ್ಳಬಹುದು. ನೆರೆಯುವುದಕ್ಕೆ ಸಂಬಂಧಿಸಿದ ಮೊದಲ ಜೀನ್, ಐಆರ್‌ಎಫ್4, ಪತ್ತೆಯಾದದ್ದು 2016ರಲ್ಲಿ, ಲ್ಯಾಟಿನ್ ಅಮೆರಿಕದ ಆರು ಸಾವಿರಕ್ಕೂ ಹೆಚ್ಚು ಜನರ ಅಧ್ಯಯನದಿಂದ.

ಹಾಗೆಂದು ಎಲ್ಲವನ್ನೂ ವಂಶದ ತಲೆಗೆ ಕಟ್ಟಿ ಕೂರುವಂತಿಲ್ಲ. ಪಾಲಕರು ಗಮನಿಸಲೇಬೇಕಾದದ್ದು ವಿಟಮಿನ್ ಬಿ12. ಇದು ದೊರೆಯುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, ಸೊಪ್ಪಿನಲ್ಲಿ ಕಬ್ಬಿಣವಿದೆ. ಆದರೆ ಮುದ್ದೆಯಲ್ಲಾಗಲಿ ಸೊಪ್ಪಿನ ಸಾರಿನಲ್ಲಾಗಲಿ ಬಿ12 ಇಲ್ಲ. ಕರೆದ ಹಾಲನ್ನೆಲ್ಲ ಡೈರಿಗೆ ಹಾಕಿ, ಮಕ್ಕಳಿಗೆ ಕಾಫಿಗಾಗುವಷ್ಟು ಉಳಿಸಿಕೊಳ್ಳುವ ಸಸ್ಯಾಹಾರಿ ಮನೆಗಳಲ್ಲಿ ಇದರ ಕೊರತೆ ಕಾಣಿಸಿಕೊಂಡರೆ ಅಚ್ಚರಿಯಿಲ್ಲ. ಕೂದಲು ನೆರೆಯುವುದರ ಜೊತೆಗೆ ಸುಸ್ತು, ಕೈಕಾಲು ಜೋಮು ಹಿಡಿಯುವುದು, ನಾಲಿಗೆ ಉರಿ, ಓದಿದ್ದು ಮರೆಯುವುದು ಇದ್ದರೆ ಹುಡುಗ ಸೋಮಾರಿಯಾದ ಎಂದು ಗದರುವ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್ ತೊಂದರೆಯಿಂದಲೂ ಹೀಗಾಗಬಹುದು. ಇಂಥ ಕಾರಣದಿಂದ ಬಂದ ನೆರೆ ಚಿಕಿತ್ಸೆಯಿಂದ ಕೆಲವೊಮ್ಮೆ ಹಿಂದಿರುಗುತ್ತದೆ. ಹಿಂದಿರುಗದಿದ್ದರೂ ನರಗಳಿಗೆ ಆಗಬಹುದಾದ ಹಾನಿ ತಪ್ಪುತ್ತದೆ, ಅದು ಕೂದಲಿಗಿಂತ ದೊಡ್ಡ ಲಾಭ.

ಸಿಗರೇಟು ಸೇದುವವರಲ್ಲಿ ಬೇಗ ನೆರೆಯುವುದು ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಮನೆಯಲ್ಲಿ ಗೊತ್ತಿಲ್ಲದಂತೆ ಸೇದುವವರು ಓದಿಕೊಳ್ಳಲಿ.

ಚಿಂತೆಯಿಂದ ತಲೆ ನೆರೆಯುತ್ತದೆ ಎಂಬ ಮಾತಿಗೆ ಬಹುಕಾಲ ವಿಜ್ಞಾನದ ಬೆಂಬಲವಿರಲಿಲ್ಲ. 2020ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಇಲಿಗಳಲ್ಲಿ ಅದರ ದಾರಿಯನ್ನು ಕಂಡುಹಿಡಿದರು: ತೀವ್ರ ಒತ್ತಡದಲ್ಲಿ ನರಗಳು ಸ್ರವಿಸುವ ನಾರ್‌ಅಡ್ರಿನಲಿನ್ ಬಣ್ಣದ ಆಕರ ಕೋಶಗಳನ್ನು ಅವಧಿಗೆ ಮುನ್ನವೇ ಖರ್ಚು ಮಾಡಿಸಿಬಿಡುತ್ತದೆ. ಮರುವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದವರು 14 ಜನರ ಕೂದಲನ್ನು ಎಳೆಯುದ್ದಕ್ಕೂ ಅಳೆದು ನೋಡಿದಾಗ, ರಜೆಗೆ ಹೋಗಿದ್ದ ಒಬ್ಬರ ಐದು ಕೂದಲು ಬುಡದಿಂದ ಮತ್ತೆ ಕಪ್ಪಾಗಿ ಬೆಳೆದದ್ದು ಕಂಡಿತು. ಐದೇ ಕೂದಲು! ಪರೀಕ್ಷೆಯ ಭಯಕ್ಕೆ ಇಡೀ ತಲೆ ಬೆಳ್ಳಗಾಗುತ್ತದೆ ಎಂದು ಹೆದರುವಂತೆಯೂ ಇಲ್ಲ, ಪ್ರವಾಸ ಹೋಗಿಬಂದರೆ ಕಪ್ಪಾಗುತ್ತದೆ ಎಂದು ನಂಬುವಂತೆಯೂ ಇಲ್ಲ. ಒಂದೇ ರಾತ್ರಿಯಲ್ಲಿ ನೆರೆಯುವ ಕಥೆಗಳಂತೂ ನಿರ್ಜೀವ ಎಳೆಯ ವಿಷಯದಲ್ಲಿ ಅಸಾಧ್ಯ.

ಒಂದು ಬಿಳಿ ಕೂದಲು ಕಿತ್ತರೆ ಹತ್ತು ಹುಟ್ಟುತ್ತವೆ ಎಂಬುದೂ ಸುಳ್ಳು; ಕಿತ್ತ ಕುಳಿಯಲ್ಲಿ ಒಂದೇ ಬರುತ್ತದೆ, ಅದೂ ಬಿಳಿಯದೇ. ಪದೇ ಪದೇ ಕಿತ್ತರೆ ಅದೂ ಬರದೆ ಹೋಗಬಹುದು. ಗರುಗದ ಸೊಪ್ಪು, ನೆಲ್ಲಿಕಾಯಿ, ಕರಿಬೇವು ಹಾಕಿ ಕಾಯಿಸಿದ ಎಣ್ಣೆ ಒರಟು ಕೂದಲನ್ನು ನಯವಾಗಿಸುತ್ತದೆ. ಗಡಸು ನೀರಿನ ಊರಿನಲ್ಲಿ ಅಷ್ಟು ಉಪಕಾರವೂ ಸಣ್ಣದಲ್ಲ.

ಉಳಿದದ್ದು ಬಣ್ಣ ಹಚ್ಚುವ ಪ್ರಶ್ನೆ. ಗೋರಂಟಿ ಸೊಪ್ಪು ಕೊಡುವುದು ಕೆಂಪು ಛಾಯೆಯನ್ನು ಮಾತ್ರ. 'ಕಪ್ಪು ಮೆಹಂದಿ' ಎಂದು ಮಾರುವ ಪುಡಿಗಳಲ್ಲಿ ಹೆಚ್ಚಿನವು ಕಪ್ಪಾಗುವುದು ಪಿಪಿಡಿ ಎಂಬ ರಾಸಾಯನಿಕದಿಂದ. ಕೆಲವರಿಗೆ ಇದು ಒಗ್ಗದೆ ತಲೆ ಕೆರೆತ, ಮುಖ ಊತ, ಕಣ್ಣು ತೆರೆಯಲಾರದ ಸ್ಥಿತಿ ಬರುತ್ತದೆ. ಯುರೋಪಿನಲ್ಲಿ ಇಂಥ ಬಣ್ಣಗಳ ಮೇಲೆ 16 ವರ್ಷಕ್ಕೆ ಕೆಳಗಿನವರಿಗಲ್ಲ ಎಂದು ಮುದ್ರಿಸಬೇಕೆಂಬ ನಿಯಮವಿದೆ. ಅಪ್ಪಿತಪ್ಪಿ ಹೊಟ್ಟೆಗೆ ಹೋದರೆ ಗಂಟಲು ಊದಿ ಉಸಿರು ಕಟ್ಟಬಹುದು, ಮೂತ್ರಪಿಂಡ ಕೆಡಬಹುದು. ಮನೆಮದ್ದಿಗೆ ಕಾಯದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಹಚ್ಚಲೇಬೇಕೆಂದಿದ್ದರೆ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಬೇಕು. ನಾಳೆ ಬೆಳಗ್ಗೆ ಕಾಲೇಜ್ ಡೇ ಎಂದು ಇವತ್ತು ರಾತ್ರಿ ಪ್ಯಾಕೆಟ್ ಬಿಚ್ಚುವವರಿಗೆ ಆ ಸಮಯ ಸಿಗುವುದಿಲ್ಲ.